ಗದಗಿನಿಂದ ನೈರೋಬಿಗೆ

ಹಾನಗಲ್ಲಿನ ಬಾಲ್ಯದ ಕ್ರಿಕೆಟ್‌ನಲ್ಲಿ ನಾನು ಸದಾ ಬೌಂಡರಿ ಗೆರೆಯ ಫೀಲ್ಡರ್. ಚೆಂಡು ಬಳಿಗೆ ಬರುತ್ತಿದ್ದುದೇ ಅಪರೂಪ. ನೆರೆಯ ಗದಗಿನ ಸ್ಪಿನ್ನರ್ ಸುನಿಲ್ ಜೋಶಿ ಹಾಗೆ ಕಾಯುತ್ತ ನಿಲ್ಲಲಿಲ್ಲ. ಹುಡುಗನಾಗಿದ್ದಾಗ ನಸುಕಿನಲ್ಲೇ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಗೆ ಮರಳುತ್ತಿದ್ದರು. 1996ರಲ್ಲಿ ಟೆಸ್ಟ್ ಪದಾರ್ಪಣೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್‌ಗಳಲ್ಲಿ ಕೇವಲ 6 ರನ್ನಿಗೆ 5 ವಿಕೆಟ್. ಒಟ್ಟು 15 ಟೆಸ್ಟ್, 69 ಏಕದಿನ ಪಂದ್ಯಗಳು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷ ಸ್ಥಾನ.

ಈ ಸಾಧನೆಯನ್ನು ಕೊಂಡಾಡುವ ನಾವು ಆ ನಸುಕಿನ ಪ್ರಯಾಣವನ್ನು ಮರೆಯುತ್ತೇವೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಎಷ್ಟು ಮನೆಗಳು ಮಗುವಿನ ಆಟಕ್ಕಾಗಿ ದಿನವೂ ಬಸ್ ಚಾರ್ಜು ಭರಿಸಿಯಾವು? ಪ್ರತಿಭೆಯೇ ಹುಬ್ಬಳ್ಳಿಗೆ ಬರಲೆಂದು ಕಾಯುವ ಬದಲು ತರಬೇತುದಾರರನ್ನು ತಾಲ್ಲೂಕುಗಳಿಗೆ ಕಳುಹಿಸಬಾರದೇಕೆ?