ಕಾಳಿನೊಳಗಿನ ಕುಕ್ಕರ್

ಬಂಗಾರಪೇಟೆಯ ಪಾನಿಪುರಿ ಹೆಸರಾಗಿರುವುದು ಅದರ ನೀರಿಗೆ. ನೋಡಲು ಬಾವಿ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಮಾತ್ರ ಖಾರ. ಪುರಿಯ ಬಗ್ಗೆ ಹೊಗಳಿಕೆ ಕಡಿಮೆ. ಚಪ್ಪಟೆಯಾಗಿ ಎಣ್ಣೆಗಿಳಿದ ಹಿಟ್ಟು ಕ್ಷಣದಲ್ಲಿ ಗುಂಡಗೆ ಉಬ್ಬುವುದು ಅದರೊಳಗಿನ ನೀರು ಹಬೆಯಾಗುವುದರಿಂದ. ಇದೇ ಹಬೆಯನ್ನು ಗಟ್ಟಿ ಸಿಪ್ಪೆಯೊಳಗೆ ಕೂಡಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪಾಪ್‌ಕಾರ್ನ್ ಉತ್ತರ.

ಮಕ್ಕಳನ್ನು ಕೂರಿಸಿಕೊಂಡು ಮಾಡುವುದಾದರೆ ಗಾಜಿನ ಮುಚ್ಚಳವೇ ಸರಿ. ನೋಡುವುದರಲ್ಲೇ ಅರ್ಧ ಮಜಾ ಇದೆ. ದಪ್ಪ ತಳದ ಪಾತ್ರೆ, ಎರಡು ಚಮಚ ಎಣ್ಣೆ, ತಳ ಮುಚ್ಚುವಷ್ಟು ಕಾಳು. ಒಲೆ ದೊಡ್ಡವರ ಪಾಲು, ಎಣಿಕೆ ಮಕ್ಕಳ ಪಾಲು. ಸ್ವಲ್ಪ ಹೊತ್ತು ಏನೂ ನಡೆಯುವುದಿಲ್ಲ. ಆಮೇಲೆ ಒಂದು 'ಟಪ್', ಇನ್ನೊಂದು, ಅಷ್ಟರಲ್ಲಿ ಎಣಿಸುವವರಿಗೆ ಲೆಕ್ಕ ತಪ್ಪಿಹೋಗಿರುತ್ತದೆ.

ಒಣಗಿದಂತೆ ಕಂಡರೂ ಒಳ್ಳೆಯ ಪಾಪ್‌ಕಾರ್ನ್ ಕಾಳಿನ ತೂಕದಲ್ಲಿ ಶೇ. 14ರಷ್ಟು ನೀರೇ. ಕಾವು ಏರಿದಂತೆ ಆ ನೀರು ಹಬೆಯಾಗಲು ಹೊರಡುತ್ತದೆ, ಸಿಪ್ಪೆ ದಾರಿ ಬಿಡುವುದಿಲ್ಲ. ಒಳಗಿನ ಪಿಷ್ಟ ಬೆಂದು ಗಂಜಿಯಂತೆ ಮೆತ್ತಗಾಗುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂಬತ್ತು-ಹತ್ತು ಪಟ್ಟು. ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಇರುವುದು ಎರಡು ಪಟ್ಟು ಮಾತ್ರ. ಕೆಜಿಎಫ್ ಮಂದಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, 2001ರಲ್ಲಿ ಮುಚ್ಚಿದ ಗಣಿಯ ಶಾಫ್ಟ್‌ಗಳಲ್ಲಿ ಈಗ ನೀರು ತುಂಬಿದೆಯಲ್ಲ, ಆ ನೀರಿನಲ್ಲಿ ಸುಮಾರು 90 ಮೀಟರ್ ಇಳಿದರೆ ಮೈಮೇಲೆ ಬೀಳುವ ಒತ್ತಡ ಅದು. ಬೆರಳ ತುದಿಯಷ್ಟು ಕಾಳಿನ ಸಿಪ್ಪೆ ಅದನ್ನು ತಡೆದು ನಿಂತಿರುತ್ತದೆ.

ಕೊನೆಗೆ ಸಿಪ್ಪೆ ಸೋಲುತ್ತದೆ. ಹಬೆ ಹಿಗ್ಗುತ್ತದೆ, ಪಿಷ್ಟ ನೊರೆಯಂತೆ ಉಬ್ಬಿ ಹೊರಬಂದು ತಣ್ಣಗಾಗಿ ಹಾಗೆಯೇ ಗಟ್ಟಿಯಾಗುತ್ತದೆ. ಹೂವೆಂದು ಕರೆಯುವುದು ಆ ಒಣಗಿದ ನೊರೆಯನ್ನು. ಸದ್ದು ಸಿಪ್ಪೆ ಒಡೆದದ್ದಕ್ಕೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಫ್ರಾನ್ಸಿನ ಎಮಾನ್ಯುಯೆಲ್ ವಿರೋ ಮತ್ತು ಅಲೆಕ್ಸಾಂಡ್ರ್ ಪೊನೊಮಾರೆಂಕೊ ಅತಿ ವೇಗದ ಕ್ಯಾಮೆರಾ ಇಟ್ಟು ನೋಡಿ 2015ರಲ್ಲಿ ಬೇರೆಯದನ್ನೇ ಹೇಳಿದರು: 'ಟಪ್' ಎನ್ನುವುದು ಹಬೆ ಒಮ್ಮೆಲೇ ಹೊರನುಗ್ಗುವ ಸದ್ದು. ಕಾಳು ಹಾರುವುದೂ ಸುಮ್ಮನೆ ಅಲ್ಲ. ಮೊದಲು ಹೊರಬಂದ ಪಿಷ್ಟ ಕಾಲಿನಂತೆ ತಳವನ್ನು ಒದ್ದು ಅದನ್ನು ಪಲ್ಟಿ ಹೊಡೆಸುತ್ತದೆ.

ನಂಬದ ಮಕ್ಕಳಿಗೆ ಒಂದು ಪರೀಕ್ಷೆ ಇದೆ. ಇಪ್ಪತ್ತು ಕಾಳು ಹಾಗೆಯೇ ಇರಲಿ, ಇನ್ನಿಪ್ಪತ್ತರ ಸಿಪ್ಪೆಯನ್ನು ಉಗುರು ಕತ್ತರಿಯಿಂದ ಒಂದಿಷ್ಟು ಸೀಳಿ ಬೇರೆಯಾಗಿ ಹುರಿಯಿರಿ. ಸೀಳಿದವು ಹೆಚ್ಚಿನವು ಸುಮ್ಮನೆ ಕಂದಾಗಿ ಕೂರುತ್ತವೆ, ಹಬೆ ಕಳ್ಳದಾರಿಯಲ್ಲಿ ಹೋಗಿಬಿಟ್ಟಿರುತ್ತದೆ. ಹಳೆಯ ಡಬ್ಬಿಯ ಕಾಳು ಅರಳದಿರುವುದೂ ನೀರು ಆರಿದ್ದಕ್ಕೇ. ಒಂದು ಚಮಚ ನೀರು ಹಾಕಿ ಕುಲುಕಿ, ಮುಚ್ಚಿ ಎರಡು ಮೂರು ದಿನ ಇಟ್ಟರೆ ಬಹುಪಾಲು ಸುಧಾರಿಸುತ್ತದೆ. ಗಾಡಿಯ ಕೆಂಡದಲ್ಲಿ ಸುಡುವ ಮುಸುಕಿನ ಜೋಳದ ತೊಂದರೆ ಉಲ್ಟಾ: ಎಳೆಯ ಕಾಳಿನಲ್ಲಿ ನೀರು ಜಾಸ್ತಿ, ಸಿಪ್ಪೆ ಮೆತ್ತಗೆ.

ನೀರು ಕೊಟ್ಟು ಅರಳಿಸುವ ಈ ವಿದ್ಯೆ ಕೋಲಾರದ ಕಡೆಯ ಅಜ್ಜಿಯರಿಗೆ ಹೊಸದೇನಲ್ಲ. ಹುರಿಹಿಟ್ಟು ಮಾಡುವಾಗ ರಾಗಿಗೆ ನೀರನ್ನೋ ಮಜ್ಜಿಗೆಯನ್ನೋ ಚಿಮುಕಿಸಿ, ಕಲಸಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ನೆರಳಲ್ಲಿ ಸ್ವಲ್ಪ ಆರಿಸುತ್ತಾರೆ. ಕಾಯಿಸಿದ ಕಬ್ಬಿಣದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ ಬಟ್ಟೆಯ ಉಂಡೆಯಿಂದ ತಿರುವಿದರೆ ಚಿಟಚಿಟ ಎಂದು ಸಾಸಿವೆಯಷ್ಟು ಕಾಳುಗಳು ಬಿಳಿ ಹೂವಾಗುತ್ತವೆ. ಒಂದು ಕೈಹಿಡಿ ಮುಗಿಯುವಷ್ಟರಲ್ಲಿ ಅಡುಗೆಮನೆಯೆಲ್ಲ ರಾಗಿಯ ವಾಸನೆ. ಬೀಸಿದ ಹಿಟ್ಟಿಗೆ ಬೆಲ್ಲ, ಕಾಯಿತುರಿ, ಬಿಸಿ ಹಾಲು ಸೇರಿದರೆ ಮಕ್ಕಳಿಗೆ ತಿಂಡಿ ಆಯಿತು. ಮಜ್ಜಿಗೆ ಏಕೆ ಎಂದು ಕೇಳಿದರೆ ಸಿಗುವ ಉತ್ತರ 'ಇಲ್ಲಾಂದ್ರೆ ಅರಳಲ್ಲ ಕಣಪ್ಪ' ಎಂದಷ್ಟೇ. ತಪ್ಪೇನಿಲ್ಲ.

ಬೀಸುವ ಮೊದಲು ಜರಡಿ ಹಿಡಿದರೆ ಹೂವು ಮೇಲೆ ನಿಲ್ಲುತ್ತದೆ, ಅರಳದ ಕಾಳು ಕೆಳಗೆ ಉದುರುತ್ತದೆ. ಅದನ್ನು ಹಾಗೇ ಮತ್ತೆ ಬಾಣಲೆಗೆ ಹಾಕಿ ಫಲವಿಲ್ಲ, ಇದ್ದಬದ್ದ ನೀರು ಮೊದಲ ಸಲವೇ ಹೋಗಿರುತ್ತದೆ. ಅಂಗಳದಲ್ಲಿ ಕೋಳಿಗಳಿದ್ದರೆ ಅದು ಅವುಗಳ ಪಾಲು.