ಹೊಲದಲ್ಲಿ ಸಿಕ್ಕಿದ ಬಿಲ್ಲೆಯೆಲ್ಲ ರೋಮನ್ ನಾಣ್ಯವಲ್ಲ

ಕೊಯ್ಲಾದ ಹೊಲದಲ್ಲಿ, ರೈತರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವುದು ಇಂಗ್ಲೆಂಡಿನಲ್ಲಿ ಸಾವಿರಾರು ಜನರ ಹವ್ಯಾಸ. ಹೊಸಬರ ಕೈಗೆ ಮೊದಲಿಗೆ ಸಿಗುವ ವಸ್ತುಗಳಲ್ಲಿ ಹಸಿರುಗಟ್ಟಿದ ದುಂಡು ಬಿಲ್ಲೆಯೊಂದು ಇದ್ದೇ ಇರುತ್ತದೆ. ಸವೆದುಹೋದ ರೋಮನ್ ನಾಣ್ಯವೆಂದು ಅವರು ಹಿಗ್ಗುತ್ತಾರೆ. ಆದರೆ ಬಿಲ್ಲೆಯನ್ನು ಮಗುಚಿ ನೋಡಬೇಕು. ಹಿಂಬದಿಯ ನಟ್ಟನಡುವೆ ತಂತಿಯ ಕುಣಿಕೆಯೋ, ಅದು ಮುರಿದುಳಿದ ಮೋಟು ತುಂಡೋ, ಬೆಸುಗೆಯ ಕಲೆಯೋ ಕಂಡರೆ ಅದು ಕೋಟಿನ ಗುಂಡಿ. ಇಂಥ ಚಪ್ಪಟೆ ಲೋಹದ ಗುಂಡಿಗಳು 18ನೇ ಶತಮಾನದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದವು.

ಇಷ್ಟೊಂದು ಗುಂಡಿ ಸಿಗುವ ಕಡೆ ಹಿಂದೊಂದು ಊರಿದ್ದಿರಬೇಕು ಎಂಬುದು ಮುಂದಿನ ಊಹೆ. ಇರಬಹುದು, ಇರಲೇಬೇಕೆಂದಿಲ್ಲ. ಪಟ್ಟಣದ ಕಸ, ಮಲಗೊಬ್ಬರ, ಉಣ್ಣೆಯ ಚಿಂದಿ ಎಲ್ಲವನ್ನೂ ಅಲ್ಲಿನ ರೈತರು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಗುಂಡಿಗಳೂ ಬಕಲ್‌ಗಳೂ ಅದರೊಂದಿಗೇ ಗಾಡಿಯೇರಿ ಬಂದವು.

ಆಳದಲ್ಲಿ ಸಿಕ್ಕಿದ್ದು ಹಳೆಯದು, ಮೇಲೆ ಸಿಕ್ಕಿದ್ದು ಹೊಸದು ಎಂಬ ಲೆಕ್ಕವೂ ಉತ್ತ ಹೊಲದಲ್ಲಿ ನಡೆಯದು. ನೇಗಿಲು ವರ್ಷವರ್ಷವೂ ಮಣ್ಣನ್ನು ಬುಡಮೇಲು ಮಾಡುತ್ತದೆ. ರೋಮನ್ ನಾಣ್ಯದ ಪಕ್ಕದಲ್ಲೇ ತಂಪುಪಾನೀಯದ ಡಬ್ಬಿಯ ಮುಚ್ಚಳದ ಉಂಗುರ ಬಿದ್ದಿರಬಹುದು. ಲೋಹ ಯಾವುದೆಂದು ಸೂಚಿಸಲು ಡಿಟೆಕ್ಟರಿನ ಪರದೆಯ ಮೇಲೆ ಮೂಡುವ ಅಂಕಿಯನ್ನು ನಂಬಿ ಕೂರುವುದೂ ತಪ್ಪೇ. ಆ ಉಂಗುರಕ್ಕೂ ಚಿನ್ನದ ಉಂಗುರಕ್ಕೂ ಎಷ್ಟೋ ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ. ಅಗೆಯದೆ ಗೊತ್ತಾಗದು.

ಹಳದಿ ಮಿಂಚಿದ್ದೆಲ್ಲ ಚಿನ್ನವೆಂಬ ಆಸೆಗೆ ಹೆಚ್ಚಾಗಿ ನೀರೆರಚುವುದು ಜರ್ಮನಿಯ ನ್ಯೂರೆಂಬರ್ಗಿನ ಜೆಟಾನ್. ಒಂದು ಮುಖದಲ್ಲಿ ಗುಲಾಬಿಯ ಸುತ್ತ ಕಿರೀಟಗಳೂ ಲಿಲಿ ಹೂಗಳೂ, ಇನ್ನೊಂದರಲ್ಲಿ ಶಿಲುಬೆ ಹೊತ್ತ ಗೋಳ, ಅಂಚಿನಲ್ಲಿ ಬರಹ. ನೋಡಿದವರು ನಾಣ್ಯವೆಂದೇ ಅನ್ನಬೇಕು. ಆದರದು ತೆಳು ಹಿತ್ತಾಳೆ. ಲೆಕ್ಕದ ಹಲಗೆಯ ಮೇಲೆ ಸರಿಸಿ ಕೂಡಿ ಕಳೆಯಲು ಬಳಸುತ್ತಿದ್ದ ಬಿಲ್ಲೆ. ಅವನ್ನು ತಯಾರಿಸುತ್ತಿದ್ದ ಹಾನ್ಸ್ ಕ್ರೌವಿಂಕೆಲ್‌ನ ಹೆಸರು ಹೊತ್ತವು ಇಂಗ್ಲೆಂಡಿನ ಹೊಲಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಹಾಗೆಯೇ ‘ಆರ್.ಡಬ್ಲ್ಯು.’ ಎಂಬ ಅಕ್ಷರಗಳಿರುವ ದಪ್ಪ ಗೆಜ್ಜೆಯೂ ರೋಮನರದ್ದಲ್ಲ. ವಿಲ್ಟ್‌ಷೈರಿನ ಆಲ್ಡ್‌ಬೋರ್ನ್ ಹಳ್ಳಿಯಲ್ಲಿ ರಾಬರ್ಟ್ ವೆಲ್ಸ್‌ನ ಎರಕದ ಮನೆಯಲ್ಲಿ 18ನೇ ಶತಮಾನದಲ್ಲಿ ತಯಾರಾಗಿ ಕುದುರೆ, ದನಗಳ ಕೊರಳಿಗೆ ಬಿದ್ದದ್ದು ಅದು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆಯೆಂದರೆ, ತಿಕ್ಕಿ ತೊಳೆದರೆ ಗುರುತು ಸಿಗುತ್ತದೆ ಎಂಬುದು. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಿತ, ಹಳೆಯ ನಾಣ್ಯಕ್ಕಲ್ಲ. ಶತಮಾನಗಳ ಕಾಲ ಮಣ್ಣಲ್ಲಿದ್ದ ತಾಮ್ರ, ಕಂಚಿನ ನಾಣ್ಯದಲ್ಲಿ ಮುಖ, ಅಕ್ಷರಗಳ ಗೆರೆ ಎಷ್ಟೋ ಸಲ ಉಳಿದಿರುವುದು ಆ ಹಸಿರು ಪದರದಲ್ಲೇ. ಹುಳಿ, ವಿನೆಗರ್, ತಂತಿ ಬ್ರಷ್ ತಾಕಿದರೆ ಪದರದ ಜೊತೆ ದೊರೆಯ ಮುಖವೂ ಎದ್ದುಹೋಗುತ್ತದೆ.

ವಸ್ತುವಿನಷ್ಟೇ ಅದು ಬಿದ್ದಿದ್ದ ಜಾಗವೂ ಮುಖ್ಯ. 1992ರಲ್ಲಿ ಸಫೋಕ್‌ನ ಹಾಕ್ಸ್ನಿಯಲ್ಲಿ ರೈತರೊಬ್ಬರ ಕಳೆದುಹೋದ ಸುತ್ತಿಗೆ ಹುಡುಕಲು ಹೋದ ಎರಿಕ್ ಲಾಸ್ ಅವರಿಗೆ ರೋಮನ್ ಕಾಲದ ನಿಧಿ ಸಿಕ್ಕಿತು. ಅವರು ಪೂರ್ತಿ ಬಗೆಯದೆ ನಿಲ್ಲಿಸಿ ವಿಷಯ ತಿಳಿಸಿದರು. ಪುರಾತತ್ವಜ್ಞರು ಬಂದು ಅಗೆದಾಗ ಸುಮಾರು 15,000 ನಾಣ್ಯಗಳ ಜೊತೆಗೆ, ಅವನ್ನು ಮರದ ಪೆಟ್ಟಿಗೆಯೊಳಗೆ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಲಾಸ್ ತಾವೇ ಅಗೆದು ಮುಗಿಸಿದ್ದರೆ ಈ ವಿವರ ಮಣ್ಣುಪಾಲಾಗುತ್ತಿತ್ತು.

ಇಂಗ್ಲೆಂಡಿನ 1996ರ ನಿಧಿ ಕಾಯ್ದೆಯಲ್ಲಿ ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯೆನಿಸದು. ಆದರೂ ಅಂಥದ್ದನ್ನು ದಾಖಲಿಸಿಕೊಂಡು, ಏನೆಂದು ಗುರುತಿಸಿಕೊಡಲು 1997ರಿಂದ ಸರ್ಕಾರಿ ಯೋಜನೆಯೊಂದಿದೆ. ನಮ್ಮಲ್ಲಿ ಹಾಗಲ್ಲ. ನೆಲದಲ್ಲಿ ಸಿಕ್ಕಿದ ಬೆಲೆಬಾಳುವ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. ಉಳುವಾಗ ನಾಣ್ಯವೊಂದು ಮೇಲೆ ಬಂದರೆ ತೊಳೆಯಬೇಡಿ, ಅಕ್ಕಸಾಲಿಗನ ಬಳಿ ಒಯ್ಯಬೇಡಿ. ಸಿಕ್ಕಿದ ಜಾಗಕ್ಕೊಂದು ಗುರುತು ನೆಟ್ಟು, ಜಿಲ್ಲಾಧಿಕಾರಿಗೆ ತಿಳಿಸಿ.