ಕಾಯುವುದು ತಗಡು, ಟೈರಲ್ಲ

ಭರಣಿ ಮಳೆಯ ದಿನಗಳಲ್ಲಿ ಹಾವೇರಿ ಸೀಮೆಯ ಆಕಾಶವನ್ನು ನಂಬುವಂತಿಲ್ಲ. ಮಧ್ಯಾಹ್ನದವರೆಗೆ ನೆತ್ತಿ ಸುಡುವ ಬಿಸಿಲು. ನಾಲ್ಕರ ಸುಮಾರಿಗೆ ಮೋಡ ಕಪ್ಪಿಟ್ಟು, ದೂಳೆಬ್ಬಿಸುವ ಗಾಳಿ ಬೀಸಿ, ಹನಿ ಬೀಳುವ ಮುಂಚೆಯೇ ಸಿಡಿಲು. ಅಂಥ ಹೊತ್ತಿನಲ್ಲಿ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡ ಲಾರಿಯೊಂದು ಮೋಟೆಬೆನ್ನೂರಿನ ಬಳಿ ಹೆದ್ದಾರಿ ಹತ್ತುತ್ತಿದೆ ಎನ್ನಿ. ಕ್ಯಾಬಿನ್ನಿನಲ್ಲಿ ಡ್ರೈವರ್, ಕ್ಲೀನರ್. ಹಿಂದೆ ಚೀಲಗಳಿಗೆ ಹೊದಿಸಿದ ತಾಡಪಾಲಿನ ಮೇಲೆ ಇಬ್ಬರು ಹಮಾಲರು. ನಾಲ್ವರಿಗೂ ಲಾರಿ ಒಂದೇ, ಟೈರುಗಳೂ ಅವೇ. ಆದರೆ ಸಿಡಿಲಿನ ಮಟ್ಟಿಗೆ ಕ್ಯಾಬಿನ್ನಿನವರು ಮನೆಯೊಳಗಿದ್ದಂತೆ, ಮೇಲಿನವರು ಬಯಲಲ್ಲಿ ನಿಂತಂತೆ.

‘ಟೈರು ರಬ್ಬರಿಂದು, ಕರೆಂಟ್ ದಾಟಂಗಿಲ್ಲ ಬಿಡ್ರಿ’ ಎಂಬ ಧೈರ್ಯದ ಮಾತು ಎಲ್ಲೆಡೆ ಕೇಳುತ್ತದೆ. ಮೋಡದಿಂದ ನೆಲದವರೆಗೆ ಕಿಲೋಮೀಟರ್‌ಗಟ್ಟಲೆ ಗಾಳಿಯನ್ನೇ ಸೀಳಿಕೊಂಡು ಬಂದದ್ದಕ್ಕೆ ಗೇಣುದ್ದದ ರಬ್ಬರ್ ಯಾವ ಲೆಕ್ಕ?

ಕಾಯುವುದು ಸುತ್ತಲಿನ ತಗಡು. 1836ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 12 ಅಡಿ ಉದ್ದಗಲದ ಪೆಟ್ಟಿಗೆ ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆ ಹಾಕಿಸಿ, ಮಾಪಕ ಹಿಡಿದು ತಾನೇ ಒಳಗೆ ಹೋದ. ಹೊರಮೈಯಿಂದ ಕಿಡಿಗಳು ಹಾರುವಷ್ಟು ವಿದ್ಯುತ್ ತುಂಬಿದರೂ ಒಳಗೆ ಅದರ ಸುಳಿವೇ ಸಿಗಲಿಲ್ಲ. ಕಾರಿಗೆ ಸಿಡಿಲು ಬಡಿದಾಗಲೂ ಹೀಗೆಯೇ. ಸುಮಾರು 30,000 ಆಂಪಿಯರ್ ಕರೆಂಟು ಚಾವಣಿಯಿಂದ ಕಂಬಗಳಿಗೆ, ಅಲ್ಲಿಂದ ಚಾಸಿಗೆ ಹರಿದು, ಕೆಳಗಿನಿಂದ ರಸ್ತೆಗೆ ನೆಗೆಯುತ್ತದೆ. ಟೈರು ಒಡೆಯಬಹುದು, ವೈರಿಂಗ್ ಸುಡಬಹುದು. ಗಾಜು ಏರಿಸಿ ಕೈ ತೊಡೆಯ ಮೇಲಿಟ್ಟು ಕುಳಿತವರು ಸಾಮಾನ್ಯವಾಗಿ ಉಳಿಯುತ್ತಾರೆ. ವಿಮಾನಗಳು ಸಿಡಿಲು ತಿಂದೂ ಹಾರುವುದು ಇದೇ ಬಲದಿಂದ.

ಗಾಜು ಏರಿಸುವುದು ಏಕೆಂದು ಅಮೆರಿಕದ ಅರಣ್ಯ ರಕ್ಷಕ ರಾಯ್ ಸಲಿವನ್‌ಗೆ ಚೆನ್ನಾಗಿ ಗೊತ್ತಿತ್ತು. ಏಳು ಸಲ ಸಿಡಿಲು ಬಡಿದರೂ ಬದುಕಿದ ಗಿನ್ನೆಸ್ ದಾಖಲೆಯ ಆಸಾಮಿ ಆತ. 1969ರಲ್ಲಿ ಟ್ರಕ್ ಓಡಿಸುತ್ತಿದ್ದಾಗ ಪಕ್ಕದ ಮರಕ್ಕೆ ಬಡಿದ ಸಿಡಿಲು ತೆರೆದ ಕಿಟಕಿಯಿಂದ ಒಳನುಗ್ಗಿ ಹುಬ್ಬು ಸುಟ್ಟು, ಪ್ರಜ್ಞೆ ತಪ್ಪಿಸಿತು.

ನಮ್ಮ ದಾರಿಗಳಲ್ಲಿ ತಗಡಿನ ಪೆಟ್ಟಿಗೆ ಇಲ್ಲದ ಗಾಡಿಗಳೇ ಜಾಸ್ತಿ. ಟ್ರ್ಯಾಕ್ಟರ್, ಆಳುಗಳು ತುಂಬಿದ ಟ್ರೇಲರ್, ಬಟ್ಟೆ ಹೊದಿಕೆಯ ಟಂಟಂ, ಬೈಕ್ ಇವ್ಯಾವುವೂ ಆಸರೆಯಲ್ಲ. ಮಳೆ ಬಂತೆಂದು ಬೈಕ್ ನಿಲ್ಲಿಸಿ ಹುಣಸೆ ಮರದ ಬುಡಕ್ಕೆ ಓಡುವುದಂತೂ ಇನ್ನೂ ಕೆಟ್ಟದ್ದು. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೂ ಹಾರುತ್ತದೆ. ಹತ್ತಿರದ ಆರ್‌ಸಿಸಿ ಮನೆಯೋ ಪರಿಚಯವೇ ಇಲ್ಲದವರ ಕಾರೋ ಸಿಕ್ಕರೆ ಸಂಕೋಚಪಡದೆ ಒಳಗೆ ಹೋಗಿ. ಕಾರಿನ ಮೇಲೆ ತಂತಿ ಹರಿದು ಬಿದ್ದಿದ್ದರೆ ಮಾತ್ರ, ಕರೆಂಟ್ ತೆಗೆಸುವ ತನಕ ಒಳಗಿದ್ದವರು ಇಳಿಯಬಾರದು, ಹೊರಗಿನವರು ಮುಟ್ಟಬಾರದು.

ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಕಾಯಬೇಕು. ಬ್ಯಾಡಗಿಯಿಂದ ರಾಣೆಬೆನ್ನೂರು ಮುಟ್ಟಲು ಬೈಕಿಗೆ ಬೇಕಾಗುವುದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು.